ಮೊದಲ ಎರಡು ವಾರ ಪಾಠಕ್ಕೆ ಅವಸರ ಮಾಡಬೇಡಿ

ನಾಡಿದ್ದು ನಮ್ಮ ಶಾಲೆ ಶುರು. ಇವತ್ತು ಮಧ್ಯಾಹ್ನ ಖಾಲಿ ಕ್ಲಾಸಿನಲ್ಲಿ ಒಬ್ಬಳೇ ಕೂತು ಹೆಸರಿನ ಚೀಟಿ ಬರೆಯುತ್ತಿದ್ದೆ. ಒಂದನೇ ಕ್ಲಾಸಿಗೆ ಈ ಸಲ 31 ಮಕ್ಕಳು. ಬ್ಯಾಗ್ ನೇತುಹಾಕುವ ಹುಕ್ಕುಗಳನ್ನು ಒಂದು ಗೇಣು ಕೆಳಗೆ ಹೊಡೆಸಿದ್ದೇನೆ. ಮೊದಲಿದ್ದ ಎತ್ತರಕ್ಕೆ ಅರ್ಧ ಮಕ್ಕಳ ಕೈ ಎಟುಕುತ್ತಿರಲಿಲ್ಲ. ಪಾಪ, ಅವರು ಯಾವತ್ತೂ ಹಾಗಂತ ಹೇಳಲಿಲ್ಲ. ಬ್ಯಾಗನ್ನು ಕಾಲಿನ ಹತ್ತಿರ ಇಟ್ಟುಕೊಂಡು ಕೂರುತ್ತಿದ್ದರು ಅಷ್ಟೆ. ಹೋದ ವರ್ಷ ನೆಲದ ಮೇಲೆ ಬಿದ್ದ ಪೆನ್ಸಿಲ್ ತೆಗೆಯಲು ಮಂಡಿಯೂರಿದಾಗ ತಲೆ ಎತ್ತಿ ನೋಡಿದೆ. ಆ ಹುಕ್ಕುಗಳು ಎಷ್ಟು ಮೇಲಿವೆ ಅಂತ ಅವತ್ತು ಗೊತ್ತಾಯಿತು.

ಚೀಟಿ ಬರೆಯುತ್ತಿರುವಾಗಲೇ ಫೋನಿಗೆ ಮೆಸೇಜುಗಳು ಬರುತ್ತಿದ್ದವು. "ಮಿಸ್, ಪಾಠ ಮೊದಲನೇ ದಿನವೇ ಶುರುವಾಗುತ್ತಾ?" "ಮಿಸ್, ರಜೆಯಲ್ಲಿ ನೂರರವರೆಗೆ ಬರೆಸಿದ್ದೇನೆ, ಮುಂದೇನು ಬರೆಸಲಿ?" ಅಪ್ಪ ಅಮ್ಮಂದಿರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಹದಿನೆಂಟು ವರ್ಷ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕಳೆದವಳಾಗಿ ಒಂದು ಮಾತು ಹೇಳಲೇಬೇಕು. ಮೊದಲ ಎರಡು ವಾರ ಪಾಠದ ಅವಸರ ಬೇಡ. ಆ ಎರಡು ವಾರ ಮಗುವಿಗೆ ಶಾಲೆಯ ಪರಿಚಯ ಆಗಲಿ. ಅದೂ ಕಲಿಕೆಯೇ.

ಯಾಕೆ ಹೇಳುತ್ತೇನೆ ಅಂದರೆ, ಇದನ್ನು ನಾನು ಒಬ್ಬ ಹುಡುಗನಿಂದ ಕಲಿತೆ. ಕೆಲಸಕ್ಕೆ ಸೇರಿದ ಹೊಸತು. ಶಾಲೆ ಶುರುವಾಗಿ ಮೂರನೇ ದಿನ. ನಾನು ಬೋರ್ಡಿನ ಮೇಲೆ ಅಡ್ಡಗೆರೆ, ಉದ್ದಗೆರೆ ಹಾಕಿ ತೋರಿಸುತ್ತಿದ್ದೆ. ತಿರುಗಿ ನೋಡಿದರೆ ಕಿಟಕಿ ಪಕ್ಕದ ಹುಡುಗ ಎದ್ದು ನಿಂತಿದ್ದಾನೆ. "ಕೂತ್ಕೋ ಪುಟ್ಟಾ" ಅಂದೆ. ಕೂರಲಿಲ್ಲ. ಮತ್ತೊಮ್ಮೆ ಸ್ವಲ್ಪ ಜೋರಾಗಿ ಹೇಳಿದೆ. ಆಗಲೂ ಇಲ್ಲ. ಹತ್ತಿರ ಹೋದ ಮೇಲೆ ಕಂಡಿತು. ಚಡ್ಡಿ ಒದ್ದೆ, ಕಾಲುಚೀಲ ಒದ್ದೆ. ಎರಡೂ ಕೈಯನ್ನು ಮುಂದೆ ಅಡ್ಡ ಹಿಡಿದುಕೊಂಡು ನಿಂತಿದ್ದ. ಅಳುತ್ತಲೂ ಇರಲಿಲ್ಲ.

ಬಟ್ಟೆ ಬದಲಾಯಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದೆ. "ಯಾಕಪ್ಪಾ, ನನ್ನನ್ನು ಕೇಳಬಹುದಿತ್ತಲ್ವಾ?" ತುಂಬಾ ಹೊತ್ತಿನ ಮೇಲೆ ಹೇಳಿದ. ಮನೆಯಲ್ಲಿ ಅದಕ್ಕೆ ಅವರು ಹೇಳುತ್ತಿದ್ದ ಮಾತೇ ಬೇರೆ. ಇಲ್ಲಿ ಮಕ್ಕಳೆಲ್ಲ "ಒಂದಕ್ಕೆ" ಅನ್ನುತ್ತಿದ್ದರು. ಹಾಗಂದರೆ ಏನು ಅಂತ ಅವನಿಗೆ ಗೊತ್ತಿರಲಿಲ್ಲ. ತನ್ನ ಮಾತು ಹೇಳಿದರೆ ಎಲ್ಲರೂ ನಗುತ್ತಾರೆ ಅಂತ ಭಯ. ಹಿಂದಿನ ದಿನ ಒಮ್ಮೆ ಟಾಯ್ಲೆಟ್ಟಿಗೆ ಹೋಗಿದ್ದನಂತೆ. ಒಳಗೆ ಹೋಗಿ ಚಿಲಕ ಹಾಕಿಕೊಂಡ ಮೇಲೆ ಅದು ತೆಗೆಯಲು ಬರಲಿಲ್ಲ. ಯಾರೋ ದೊಡ್ಡ ಹುಡುಗ ಬಂದು ಬಾಗಿಲು ತಳ್ಳಿ ತೆಗೆದನಂತೆ. ಆಮೇಲೆ ಅವನು ಆ ಕಡೆ ಹೋಗಲೇ ಇಲ್ಲ.

ಎರಡು ದಿನದಿಂದ ಆ ಮಗುವಿನ ತಲೆಯಲ್ಲಿ ಇದ್ದದ್ದು ಅದೊಂದೇ. ನಾನು ಮಾತ್ರ ಅಡ್ಡಗೆರೆ, ಉದ್ದಗೆರೆ ಅಂತ ಹೇಳಿಕೊಡುತ್ತಿದ್ದೆ.

ಅವತ್ತಿನಿಂದ ನನ್ನ ಮೊದಲ ದಿನದ ಮೊದಲ ಪಾಠ ಟಾಯ್ಲೆಟ್. ಐದೈದು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಬಾಗಿಲು ಮುಚ್ಚುವುದು, ಚಿಲಕ ಹಾಕುವುದು, ತೆಗೆಯುವುದು. ಪ್ರತಿಯೊಬ್ಬರೂ ಮೂರು ಸಲ ಮಾಡಬೇಕು. ನಲ್ಲಿ ಯಾವ ಕಡೆ ತಿರುಗಿಸಬೇಕು, ಸೋಪು ಎಲ್ಲಿದೆ, ಕೈ ಎಲ್ಲಿ ಒರೆಸಿಕೊಳ್ಳಬೇಕು ಎಲ್ಲ ತೋರಿಸುತ್ತೇನೆ. ಕೇಳಲು ನಾಚಿಕೆಯಾದರೆ ಕಿರುಬೆರಳು ಎತ್ತಿದರೆ ಸಾಕು ಅಂತಲೂ ಹೇಳಿರುತ್ತೇನೆ. ಇದಕ್ಕೇ ಅರ್ಧ ದಿನ ಹೋಗುತ್ತದೆ. ಹೋಗಲಿ.

"ಹಾಗಾದರೆ ಪೋರ್ಷನ್ ಮುಗಿಯುವುದು ಹೇಗೆ?" ಅಂತ ಜೊತೆಯ ಟೀಚರ್‌ಗಳೂ ಕೇಳುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಸಾಲಿನಲ್ಲಿ ನಿಲ್ಲುವುದು, ಪುಸ್ತಕ ತೆಗೆದಿಡುವುದು, ಊಟ ಮುಗಿಸಿ ಮತ್ತೆ ಜಾಗಕ್ಕೆ ಬರುವುದು, ಇವು ಮಕ್ಕಳಿಗೆ ರೂಢಿಯಾಗದಿದ್ದರೆ ಒಂದೊಂದು ಸಲಕ್ಕೂ ಐದು ನಿಮಿಷ ಹೆಚ್ಚು ಹೋಗುತ್ತದೆ. ದಿನಕ್ಕೆ ಆರು ಸಲ ಅಂದರೆ ಅರ್ಧ ಗಂಟೆ. ವರ್ಷಕ್ಕೆ 200 ದಿನ ಶಾಲೆ ನಡೆದರೆ 100 ಗಂಟೆ. ಮೊದಲ ಎರಡು ವಾರ, ಅಂದರೆ ಹತ್ತು ದಿನ, ದಿನಕ್ಕೆ ಐದು ಗಂಟೆಯಂತೆ ಪೂರ್ತಿ ಇದಕ್ಕೇ ಕೊಟ್ಟರೂ ಆಗುವುದು 50 ಗಂಟೆ. ನಾನು ಹೀಗೆ ಮಾಡಲು ಶುರು ಮಾಡಿದ ಮೇಲೆ ಒಂದು ವರ್ಷವೂ ಪೋರ್ಷನ್ ಬಾಕಿ ಉಳಿದಿಲ್ಲ.

ಇನ್ನು ಬರೆಸುವ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಸಂಕಟ. ಪುಟಗಟ್ಟಲೆ ಬರೆದು ಬೆರಳು ಕೆಂಪಾದ ಮಕ್ಕಳು ಮೊದಲ ದಿನವೇ ನನ್ನ ಮುಂದೆ ಕೂರುತ್ತಾರೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಅದುಮಿ ಹಿಡಿದಿರುತ್ತಾರೆ. ಹಾಳೆಯ ಹಿಂಭಾಗ ಮುಟ್ಟಿದರೆ ಅಕ್ಷರ ಉಬ್ಬಿಕೊಂಡಿರುತ್ತದೆ. ಅಷ್ಟು ಒತ್ತಿ ಬರೆದಿರುತ್ತಾರೆ.

ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಮಗು ಹುಟ್ಟುವಾಗ ಅವು ಇನ್ನೂ ಮೂಳೆಯೇ ಆಗಿರುವುದಿಲ್ಲ, ಕಿವಿಯ ಅಂಚಿನ ಹಾಗೆ ಮೆತ್ತಗಿರುತ್ತವೆ. ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಎಂಟೂ ಮೂಳೆಯಾಗುವ ಹೊತ್ತಿಗೆ ಮಗುವಿಗೆ ಹತ್ತು ವರ್ಷದ ಆಸುಪಾಸು ಆಗಿರುತ್ತದೆ. ಆರು ವರ್ಷದ ಕೈ ಇನ್ನೂ ಬೆಳೆಯುತ್ತಿರುವ ಕೈ. ಆ ಕೈಯಿಂದ ಒಂದೇ ಸಮನೆ ನಾಲ್ಕು ಪುಟ ಬರೆಸಿದರೆ ಅಕ್ಷರ ದುಂಡಗಾಗುವುದಿಲ್ಲ, ಕೈ ನೋಯುತ್ತದೆ. ಬರೆಯುವುದೆಂದರೆ ನೋವು ಅಂತ ಮಗುವಿನ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದನ್ನು ಆಮೇಲೆ ಹೊರಗೆ ತೆಗೆಯುವುದು ತುಂಬಾ ಕಷ್ಟ. ಮನೆಯಲ್ಲಿ ಏನಾದರೂ ಮಾಡಿಸಲೇಬೇಕು ಅನ್ನಿಸಿದರೆ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳಲಿ. ಹಿಟ್ಟು ನಾದಲಿ. ಮಣಿ ಪೋಣಿಸಲಿ. ಹಳೇ ಪೇಪರ್ ಹರಿದು ಅಂಟಿಸಲಿ. ಪೆನ್ಸಿಲ್ ಹಿಡಿಯುವ ಶಕ್ತಿ ಬೆರಳಿಗೆ ಬರುವುದು ಇವುಗಳಿಂದ.

ಪಕ್ಕದ ಮನೆಯ ಮಗುವಿಗೆ ಹೋಲಿಸುವುದನ್ನೂ ದಯವಿಟ್ಟು ಬಿಡಿ. ಒಂದೇ ಕ್ಲಾಸಿನಲ್ಲಿ ಈಗಷ್ಟೇ ಆರು ತುಂಬಿದ ಮಗುವೂ ಇರುತ್ತದೆ, ಇನ್ನೊಂದು ತಿಂಗಳಿಗೆ ಏಳು ತುಂಬುವ ಮಗುವೂ ಇರುತ್ತದೆ. 72 ತಿಂಗಳ ಮಗು ಮತ್ತು 83 ತಿಂಗಳ ಮಗು. ದೊಡ್ಡವರಿಗೆ ಹನ್ನೊಂದು ತಿಂಗಳು ಏನೇನೂ ಅಲ್ಲ. ಆ ಚಿಕ್ಕ ಮಗುವಿಗೆ ಅದು ಇಲ್ಲಿಯವರೆಗಿನ ಬದುಕಿನ ಆರನೇ ಒಂದು ಪಾಲಿನಷ್ಟು. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೇ ಕ್ಲಾಸಿಗೆ ಬರುವುದು ಏಳು ತುಂಬುವ ವರ್ಷದಲ್ಲಿ. ಇಂಗ್ಲೆಂಡಿನಲ್ಲಿ ಬಹಳಷ್ಟು ಮಕ್ಕಳು ನಾಲ್ಕು ತುಂಬಿದ ಮೇಲೆಯೇ ಶಾಲೆಯಲ್ಲಿರುತ್ತಾರೆ. ಇಂಥ ವಯಸ್ಸಿಗೆ ಇಷ್ಟು ಬರಲೇಬೇಕು ಅಂತ ಜಗತ್ತೇ ಒಂದು ತೀರ್ಮಾನಕ್ಕೆ ಬಂದಿಲ್ಲ.

ಎರಡು, ಮೂರನೇ ಕ್ಲಾಸಿನ ಮಕ್ಕಳ ಮನೆಯಲ್ಲಿ ಬೇರೆ ಚಿಂತೆ. "ರಜೆಯಲ್ಲಿ ಎಲ್ಲಾ ಮರೆತುಬಿಟ್ಟಿದ್ದಾನೆ ಮಿಸ್." ಮರೆತಿರುತ್ತಾರೆ, ನಿಜ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ನೆನಪಿನ ಬಗ್ಗೆ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಅದನ್ನು ಪ್ರಕಟಿಸಿದ. ಅರ್ಥವಿಲ್ಲದ ಶಬ್ದಗಳ ಪಟ್ಟಿ ಬಾಯಿಪಾಠ ಮಾಡುವುದು, ಎಷ್ಟು ಬೇಗ ಮರೆಯುತ್ತದೆ ಅಂತ ನೋಡುವುದು. ಬಾಯಿಪಾಠ ಮಾಡಿದ್ದು ಬೇಗ ಮರೆಯುತ್ತದೆ ಅನ್ನುವುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆತ ಕಂಡುಕೊಂಡ ಇನ್ನೊಂದು ವಿಷಯ ನನಗೆ ಹೆಚ್ಚು ಮುಖ್ಯ. ಒಮ್ಮೆ ಕಲಿತು ಮರೆತದ್ದನ್ನು ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕು. ಕ್ಲಾಸಿನಲ್ಲಿ ಇದನ್ನು ಪ್ರತಿ ವರ್ಷ ನೋಡುತ್ತೇನೆ. ಮೊದಲ ಸೋಮವಾರ ಕಳೆಯುವ ಲೆಕ್ಕ ನೋಡಿ ಕಣ್ಣು ಕಣ್ಣು ಬಿಡುವ ಮಗು ಎರಡನೇ ವಾರಕ್ಕೆ ಬೆರಳು ಎಣಿಸದೆ ಉತ್ತರ ಹೇಳುತ್ತದೆ. ಅದಕ್ಕೇ ಮೊದಲ ವಾರದಲ್ಲಿ ಟೆಸ್ಟ್ ಇಡುವುದು ನನಗೆ ಸರಿ ಕಾಣುವುದಿಲ್ಲ. ಮಗು ಇನ್ನೂ ನೆನಪು ಮಾಡಿಕೊಳ್ಳುತ್ತಿರುವಾಗಲೇ ನಾವು ಕೆಂಪು ಪೆನ್ನು ಹಿಡಿದು ನಿಂತರೆ ಹೇಗೆ?

ನಿದ್ದೆ ಬಗ್ಗೆ ಎರಡೇ ಮಾತು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ವೈದ್ಯರು ಹೇಳುತ್ತಾರೆ. ರಜೆಯಲ್ಲಿ ರಾತ್ರಿ ಹನ್ನೊಂದರವರೆಗೆ ಎಚ್ಚರ ಇದ್ದ ಮಗು ಶಾಲೆಯ ಹಿಂದಿನ ರಾತ್ರಿ ಒಮ್ಮೆಲೇ ಎಂಟೂವರೆಗೆ ಮಲಗುವುದಿಲ್ಲ. ಇವತ್ತಿನಿಂದಲೇ ದಿನಾ ಸ್ವಲ್ಪ ಸ್ವಲ್ಪ ಬೇಗ ಮಲಗಿಸಿ.

ಈಗ ಗೇಟಿನ ಹತ್ತಿರದ ಮಾತು. ಮಗು ಆಟಿಕೆ ನೋಡುತ್ತಾ ಮೈಮರೆತಾಗ ಮೆಲ್ಲಗೆ ಜಾರಿಕೊಂಡು ಹೋಗುವವರು ಇದ್ದಾರೆ. ಅಳು ನೋಡಲಾಗದೆ ಹಾಗೆ ಮಾಡುತ್ತಾರೆ, ತಪ್ಪು ಹಿಡಿಯಲು ಮನಸ್ಸಾಗುವುದಿಲ್ಲ. ಆದರೆ ನೀವು ಹೋದ ಮೇಲೆ ನಡೆಯುವುದನ್ನು ನಾನು ನೋಡುತ್ತೇನೆ. ಮಗು ತಿರುಗಿ ನೋಡುತ್ತದೆ. ಅಮ್ಮ ನಿಂತಿದ್ದ ಜಾಗದಲ್ಲಿ ಅಮ್ಮ ಇಲ್ಲ. ಕೈಯಲ್ಲಿದ್ದ ಆಟಿಕೆ ಕೆಳಗೆ ಬೀಳುತ್ತದೆ. ಮಾರನೇ ದಿನ ಆ ಮಗು ಆಟಿಕೆ ಮುಟ್ಟುವುದೇ ಇಲ್ಲ. ಸೆರಗೋ ದುಪಟ್ಟಾನೋ ಬಿಗಿಯಾಗಿ ಹಿಡಿದುಕೊಂಡೇ ಬರುತ್ತದೆ. ಆಟಕ್ಕೆ ಮನಸ್ಸು ಕೊಟ್ಟರೆ ಅಮ್ಮ ಕಾಣೆಯಾಗುತ್ತಾಳೆ ಅಂತ ಅದು ಕಲಿತುಬಿಟ್ಟಿರುತ್ತದೆ.

ಹೇಳಿಯೇ ಹೋಗಿ. ಚಿಕ್ಕದಾಗಿ ಹೇಳಿ, ನಿಜ ಹೇಳಿ. "ಈಗ ಬಂದೆ" ಅಂತ ಹೇಳಿ ಸಂಜೆ ಬರಬೇಡಿ. "ಮೂರೂವರೆಗೆ ಬರ್ತೀನಿ" ಅಂದರೆ ಗಡಿಯಾರ ನೋಡಲು ಬಾರದ ಮಗುವಿಗೆ ಏನು ತಿಳಿಯಬೇಕು? "ನೀನು ಊಟ ಮಾಡ್ತೀಯ, ಆಮೇಲೆ ಮಿಸ್ ಕಥೆ ಹೇಳ್ತಾರೆ, ಆಮೇಲೆ ಬೆಲ್ ಹೊಡೆಯುತ್ತೆ, ಆಗ ನಾನು ಈ ಗೇಟಿನ ಹತ್ತಿರವೇ ನಿಂತಿರ್ತೀನಿ" ಅನ್ನಿ. ಅಂದಂತೆ ಅಲ್ಲೇ ನಿಂತಿರಿ. ಒಂದು ವಾರ ಹೀಗೆ ಮಾಡಿದರೆ ಅಳು ತಾನಾಗಿಯೇ ಕಡಿಮೆಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೆಲವು ಮಕ್ಕಳಿಗೆ ಮೂರು ವಾರವೂ ಬೇಕಾಗುತ್ತದೆ. ಅವರಿಗೆ ಅಷ್ಟು ದಿನ ಬೇಕು, ಅಷ್ಟೇ. ಅದರಲ್ಲಿ ಅವಮಾನ ಏನಿದೆ?

ಇನ್ನೊಂದು ಕೈಮುಗಿದು ಕೇಳುತ್ತೇನೆ. ಮನೆಯಲ್ಲಿ ಹಠ ಮಾಡಿದಾಗ "ಇರು, ನಿಮ್ಮ ಮಿಸ್‌ಗೆ ಹೇಳ್ತೀನಿ" ಅಂತ ಹೆದರಿಸಬೇಡಿ. ನಾಡಿದ್ದು ಅಳುವಾಗ ಆ ಮಗುವಿಗೆ ಇಲ್ಲಿ ಇರುವವಳು ನಾನೊಬ್ಬಳೇ. ನನ್ನ ಹೆಸರು ಹೇಳಿಯೇ ಹೆದರಿಸಿದ್ದರೆ ಅದು ಯಾರ ಹತ್ತಿರ ಬರಬೇಕು?

ಸಂಜೆ ಗೇಟಿನಿಂದ ಹೊರಗೆ ಬಂದ ಕೂಡಲೇ "ಇವತ್ತು ಏನು ಕಲಿಸಿದರು?" ಅಂತ ಕೇಳುವುದನ್ನೂ ಸ್ವಲ್ಪ ದಿನ ಬಿಡಿ. ಯಾರ ಪಕ್ಕ ಕೂತಿದ್ದೆ ಅಂತ ಕೇಳಿ. ಹೇಳದಿದ್ದರೂ ಪರವಾಗಿಲ್ಲ, ರಾತ್ರಿ ಮಲಗುವಾಗ ತಾನಾಗಿಯೇ ಹೇಳುತ್ತದೆ. ಬೋರ್ಡು ಸರಿಯಾಗಿ ಕಾಣುತ್ತಾ ಅಂತ ಮಾತ್ರ ನೀವೂ ಗಮನಿಸಿ, ನಾನೂ ಗಮನಿಸುತ್ತೇನೆ. ಕಣ್ಣು ಮಂಜಾಗಿರುವ ಮಗುವಿಗೆ ಅದು ಗೊತ್ತೇ ಇರುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ.

ಹೆಸರಿನ ಚೀಟಿಯ ವಿಷಯಕ್ಕೆ ಬರುತ್ತೇನೆ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಟೀಚರ್ ಅದನ್ನೇ ಓದುತ್ತಿದ್ದರು. ಮೊದಲ ದಿನ ನಾನು ಎದ್ದು ನಿಲ್ಲಲಿಲ್ಲ. ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡೆ. ಗದರಿದ ಮೇಲೆ ನಿಂತೆ. ಆಮೇಲೆ ವರ್ಷವಿಡೀ ಆ ಹೆಸರಿಗೇ "ಪ್ರೆಸೆಂಟ್ ಟೀಚರ್" ಅಂದೆ. ವರ್ಷದ ಕೊನೆಗೆ ಮಾರ್ಕ್ಸ್ ಕಾರ್ಡ್ ನೋಡಿ ಅಮ್ಮ ಕೇಳಿದಾಗಲೇ ಮನೆಯಲ್ಲಿ ಗೊತ್ತಾಗಿದ್ದು. ಯಾಕೆ ಹೇಳಲಿಲ್ಲ ಅಂತ ಅಮ್ಮ ಕೇಳಿದರು. ಶಾಲೆಯಲ್ಲಿ ನನ್ನ ಹೆಸರು ಅದೇ ಇರಬೇಕು ಅಂದುಕೊಂಡಿದ್ದೆ ಅಂದೆ. ಇಷ್ಟು ವರ್ಷವಾದರೂ ಅದನ್ನು ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ.

ಇವತ್ತು 31ರಲ್ಲಿ 30 ಚೀಟಿ ಬರೆದು ಮುಗಿಸಿದೆ. ಒಂದು ಖಾಲಿ ಇದೆ. ಅರ್ಜಿಯಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಎರಡನೇ ಅಕ್ಷರ ದೀರ್ಘವೋ ಹ್ರಸ್ವವೋ ತಿಳಿಯುತ್ತಿಲ್ಲ. ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಮಾಡುತ್ತೇನೆ. ಆಗಲೂ ಸಿಗದಿದ್ದರೆ ನಾಡಿದ್ದು ಗೇಟಿನಲ್ಲಿ ಆ ಮಗುವನ್ನೇ ಕೇಳಿ, ಅದರ ಮುಂದೆಯೇ ಬರೆದು ಹುಕ್ಕಿನ ಮೇಲೆ ಅಂಟಿಸುತ್ತೇನೆ. ಸ್ಕೆಚ್ ಪೆನ್ನು ಬ್ಯಾಗಿನಲ್ಲಿ ಹಾಕಿಟ್ಟುಕೊಂಡಿದ್ದೇನೆ.