ಗ್ಯಾಸ್ ಖಾಲಿಯಾಗಿದೆ ಸರ್

ನಮ್ಮ ಮನೆಯ ಎಸಿಗೆ ಈಗ 12 ವರ್ಷ. ಮಗುವಾಗಿದ್ದರೆ ಇನ್ನೂ ಮೀಸೆ ಚಿಗುರುತ್ತಿರಲಿಲ್ಲ. ಎಸಿಯಾಗಿ ಹುಟ್ಟಿದ ತಪ್ಪಿಗೆ ಮುಪ್ಪು. ಸೆಕೆ ಶುರುವಾಗುತ್ತಲೇ ಅದಕ್ಕೊಬ್ಬ ವೈದ್ಯರು ಬರುತ್ತಾರೆ. ಮುಚ್ಚಳ ತೆಗೆಯುವುದಿರಲಿ, ಚಪ್ಪಲಿ ಬಿಡುವ ಮೊದಲೇ ರೋಗ ಪತ್ತೆ: ‘ಗ್ಯಾಸ್ ಖಾಲಿಯಾಗಿದೆ ಸರ್.’

ಖಾಲಿಯಾಗಲು ಇದೇನು ಒಲೆಯ ಸಿಲಿಂಡರೇ? ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರಬೇಕಾದ ಅನಿಲ ಅದು. ಕಡಿಮೆಯಾಯಿತೆಂದರೆ ಎಲ್ಲೋ ತೂತು. ‘ತೂತು ಎಲ್ಲಿದೆ?’ ಎಂದು ಕೇಳಿದೆ. ಮದುವೆ ಮನೆಯಲ್ಲಿ ವರನ ವಯಸ್ಸು ಕೇಳಿದವನನ್ನು ನೋಡುವಂತೆ ನೋಡಿದರು.

ಆಮೇಲೆ ಶುರುವಾಯಿತು ಉಪದೇಶ. ‘ಇದರಲ್ಲಿರುವ ಗ್ಯಾಸ್ ಆರ್-22 ಸರ್, ಓಜೋನ್ ಪದರಕ್ಕೆ ಕೆಟ್ಟದ್ದು, ಹೊಸದೇ ಕೊಂಡುಬಿಡಿ.’ ಆಹಾ, ಎಂಥ ಪರಿಸರಪ್ರೇಮ! ಓಜೋನ್ ಪದರ ಉಳಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆರ್-22 ಮೂಲೆ ಸೇರುತ್ತಿರುವುದು ನಿಜ, ಒಳ್ಳೆಯದೂ ಹೌದು. ಆದರೆ ಹೋದ ವರ್ಷ ಅದೇ ಅನಿಲವನ್ನು ಅದೇ ತೂತು ಕೊಳವೆಗೆ ತುಂಬಿ ಓಜೋನ್ ಪದರಕ್ಕೆ ರವಾನಿಸಿದವರೂ ಈ ಮಹಾನುಭಾವರೇ.

ಅಂದಹಾಗೆ, 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್‌ನ ಮುದ್ರಣಾಲಯವೊಂದರ ಕಾಗದಕ್ಕಾಗಿ. ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಕಾಗದದ ಪುಣ್ಯವೇ ಪುಣ್ಯ. ಬೆವರೊರೆಸಿಕೊಳ್ಳುತ್ತಾ ಎಕ್ಸ್‌ಚೇಂಜ್ ಆಫರಿನ ಪುರಾಣ ಕೇಳುವ ಕರ್ಮ ಅದಕ್ಕೆ ಬರಲಿಲ್ಲ.

ನಮ್ಮ ಎಸಿಯ ಎರಡು ವರ್ಷದ ಹಿಂದಿನ ಕಥೆ ಇನ್ನೂ ಚೆಂದ. ಹೊರಗಿನ ಫ್ಯಾನ್ ತಿರುಗದೆ ಗುಂಯ್ ಎನ್ನುತ್ತಿತ್ತು. ಮೊದಲು ಬಂದವರು ದೂರದಿಂದಲೇ ಕಿವಿಗೊಟ್ಟು, ಕಂಪ್ರೆಸರ್ ಹೋಗಿದೆ ಎಂದು ಶ್ರದ್ಧಾಂಜಲಿ ಅರ್ಪಿಸಿದರು. ಎರಡನೆಯವನು ಮಾತಾಡದೆ ನಾಲ್ಕು ಸ್ಕ್ರೂ ಬಿಚ್ಚಿ, ತಲೆ ಉಬ್ಬಿದ ಪುಟ್ಟ ಡಬ್ಬಿಯೊಂದನ್ನು ನನ್ನ ಅಂಗೈಗೆ ಹಾಕಿದ. ಕೆಪಾಸಿಟರ್, ಫ್ಯಾನಿನ ಮೋಟಾರು ತಿರುಗಲು ನೆರವಾಗುವ ಬಿಡಿಭಾಗ. ಅರ್ಧ ಗಂಟೆಯಲ್ಲಿ ಫ್ಯಾನ್ ತಿರುಗಿತು. ಆತ ಈಗ ಫೋನಿಗೆ ಸಿಗುವುದಿಲ್ಲ. ಅಂಥವರು ಸಿಗುವುದೂ ಇಲ್ಲ.

ಸಾಕಾಗಿದೆ. ಕಂಪ್ರೆಸರ್ ನಿಜವಾಗಿಯೂ ಸುಟ್ಟಿದ್ದರೆ ಹಳೆಯದಕ್ಕೆ ದುಡ್ಡು ಸುರಿಯುವಷ್ಟು ದಡ್ಡ ನಾನಲ್ಲ. ಹೊಸ ಇನ್ವರ್ಟರ್ ಎಸಿ ಕರೆಂಟ್ ಉಳಿಸುತ್ತದೆ ಎಂಬುದೂ ಸುಳ್ಳಲ್ಲ. ರಿಪೇರಿಯೋ ಹೊಸದೋ, ಎರಡಕ್ಕೂ ತಯಾರಿದ್ದೇನೆ. ಒಮ್ಮೆ ಬಿಚ್ಚಿ ನೋಡಿ ಹೇಳಿ ಮಾರಾಯರೇ, ಅಷ್ಟೂ ಆಗುವುದಿಲ್ಲವೇ?

ಈಗ ಇನ್ನೊಬ್ಬ ವೈದ್ಯರು ನಾಳೆ ಬರುತ್ತಾರಂತೆ. ಗ್ಯಾಸ್ ಸಿಲಿಂಡರ್ ಹೊತ್ತೇ ಬರುತ್ತೇನೆ ಎಂದು ಫೋನಿನಲ್ಲಿ ಭರವಸೆ ಕೊಟ್ಟಿದ್ದಾರೆ.