ಬೋಳು ತಲೆಯವನ ಹೊಟ್ಟು

ನನ್ನ ತಲೆ ಬೋಳಾಗಿ ಬಹಳ ಕಾಲವಾಯಿತು. ಆದರೂ ಕಪ್ಪು ಅಂಗಿ ತೊಟ್ಟು ಆಫೀಸಿಗೆ ಹೋದರೆ ಭುಜದ ತುಂಬಾ ಬಿಳಿ ಹೊಟ್ಟು. “ಶಾಂಪೂ ಬದಲಾಯಿಸಿ ನೋಡಿ ಸಾರ್” ಎನ್ನಲು ಹೊರಟ ಸಹೋದ್ಯೋಗಿಯೊಬ್ಬರು, ಕಣ್ಣು ಮೇಲಕ್ಕೆ ಹೋದದ್ದೇ ತಡ, ಅರ್ಧದಲ್ಲೇ ಮಾತು ನುಂಗಿಕೊಂಡರು.

ಹೊಟ್ಟಿನ ನಿಜವಾದ ವಾರಸುದಾರ ನಮ್ಮ ನಾಯಿ ಕರಿಯ. ಬೆಳಗ್ಗೆ ನಾನು ಹೊರಡುವಾಗ ಹೆಗಲಿಗೆ ಕಾಲು ಹಾಕಿ ಅಪ್ಪಿಕೊಂಡು, ತನ್ನ ಪಾಲಿನದ್ದನ್ನು ನನಗೆ ವರ್ಗಾಯಿಸಿಯೇ ಕಳಿಸುವುದು.

ನಮ್ಮವಳ ಪ್ರಕಾರ ಹೊಟ್ಟು ಎಂದರೆ ಕೊಳೆ, ಕೊಳೆಗೆ ಮದ್ದು ಸ್ನಾನ. ತನ್ನ ಶಾಂಪೂವನ್ನೇ ಧಾರಾಳವಾಗಿ ಹಾಕಿ ತಿಕ್ಕಿದಳು. ಹೊಟ್ಟು ಹೆಚ್ಚಿತು. ಹೆಚ್ಚಿತಲ್ಲ ಎಂದು ಮತ್ತೆ ತಿಕ್ಕಿದಳು. ಅಷ್ಟರಲ್ಲಿ ಪಕ್ಕದ ಮನೆಯವರು ಟೀ ಟ್ರೀ ಎಣ್ಣೆಯ ಶೀಸೆ ಹಿಡಿದು ಬಂದರು. ಅದು ನಾಯಿಗಳಿಗೆ ವಿಷ, ಚರ್ಮಕ್ಕೆ ಹಚ್ಚಿದರೂ ಅಪಾಯ. ಅವರನ್ನು ಕಾಫಿ ಕುಡಿಸಿ, ಶೀಸೆಯ ಸಮೇತ ವಾಪಸ್ ಕಳಿಸಿದ್ದಾಯಿತು.

ಡಾಕ್ಟರ ಮೇಜು ಹತ್ತಿದ್ದೇ ಕರಿಯ ಗಡಗಡ ನಡುಗಿದ, ಹೊಟ್ಟು ಇಮ್ಮಡಿ ಉದುರಿತು. ಗಾಬರಿಯಾದಾಗ ಹೀಗಾಗುವುದುಂಟಂತೆ. ಡಾಕ್ಟರು ಬೆನ್ನಿಗೆ ಸೆಲ್ಲೋಟೇಪ್ ಅಂಟಿಸಿ ಕಿತ್ತು, ಸೂಕ್ಷ್ಮದರ್ಶಕದಡಿ ಇಡುತ್ತಾ, “ಚೆಯ್ಲೆಟಿಯೆಲ್ಲಾ ಅಂತ ಒಂದು ನುಸಿ ಇದೆ. ಅದು ಕೆಳಗೆ ಓಡಾಡಿದರೆ ಹೊಟ್ಟೇ ನಡೆದಾಡಿದ ಹಾಗೆ ಕಾಣುತ್ತೆ. ಮನುಷ್ಯರನ್ನೂ ಕಚ್ಚುತ್ತೆ” ಎಂದರು.

“ರೀ, ನನಗೆ ಆಗಲೇ ಕಡಿತ ಶುರುವಾಯ್ತು!” ಎಂದಳು ನಮ್ಮವಳು. ಡಾಕ್ಟರು ಇನ್ನೂ ಕಣ್ಣನ್ನು ಯಂತ್ರಕ್ಕೆ ಇಟ್ಟಿರಲೇ ಇಲ್ಲ. ನುಸಿ ಇಲ್ಲ ಎಂದು ಗೊತ್ತಾದ ಮೇಲೂ ದಾರಿಯುದ್ದಕ್ಕೂ ಕೈ ಕೆರೆದುಕೊಳ್ಳುತ್ತಲೇ ಬಂದಳು.

ಚಿಗಟ, ಅಲರ್ಜಿ, ಶಿಲೀಂಧ್ರ, ಥೈರಾಯ್ಡ್ ಕೊರತೆ, ಒಣಹವೆ, ಯಾವುದರಿಂದ ಬೇಕಾದರೂ ಹೊಟ್ಟು ಬರಬಹುದು. ಜಿಡ್ಡು, ದುರ್ವಾಸನೆ, ಕೂದಲುದುರುವುದು ಜೊತೆಗೂಡಿದರೆ ತಡಮಾಡಬಾರದು. ಕರಿಯನದು ಬರೀ ಒಣಚರ್ಮ, ಕಾರಣ ಅತಿಸ್ನಾನ. ನಮ್ಮ ಹೊರಚರ್ಮದಲ್ಲಿ ಜೀವಕೋಶಗಳ 10ರಿಂದ 15 ಪದರಗಳಿದ್ದರೆ ನಾಯಿಗೆ 3ರಿಂದ 5 ಮಾತ್ರ. ನಮ್ಮ ಚರ್ಮ ತುಸು ಆಮ್ಲೀಯ, ಅದರದು ಹೆಚ್ಚುಕಡಿಮೆ ತಟಸ್ಥ. ನಮ್ಮ ಶಾಂಪೂ ಅದಕ್ಕೆ ಒಗ್ಗುವುದಿಲ್ಲ.

ನಾಯಿಗಳದೇ ಶಾಂಪೂ ಬರೆದುಕೊಟ್ಟರು. ನೊರೆ ಹತ್ತು ನಿಮಿಷ ಮೈಮೇಲಿರಬೇಕು, ಆಮೇಲೆ ತೊಳೆಯಬೇಕು. ಬರೆದಷ್ಟು ಸುಲಭವೇ? ನೊರೆ ಮೆತ್ತಿದ ನಾಯಿಯನ್ನು ಬಚ್ಚಲಲ್ಲಿ ಹಿಡಿದು ನಿಂತಾಗಲೇ ಹತ್ತು ನಿಮಿಷದ ನಿಜವಾದ ಉದ್ದ ಗೊತ್ತಾಗುವುದು. ಮೊದಲು ಪುಸಲಾಯಿಸಿದೆ. ಆಮೇಲೆ ಗದರಿದೆ. ಬೇಡಿಕೊಂಡೆ. ನಮ್ಮವಳು ಬಾಗಿಲಾಚೆಯಿಂದ “ಇನ್ನೂ ಏಳು ನಿಮಿಷ ರೀ” ಎಂದು ಕ್ರಿಕೆಟ್ ಕಾಮೆಂಟರಿ ಕೊಡುತ್ತಿದ್ದಳು. ಎಷ್ಟಾಯಿತು ನೋಡೋಣವೆಂದು ಅವಳು ಬಾಗಿಲು ತೆರೆದ ಕ್ಷಣಕ್ಕೇ ಕಾದಿದ್ದವನಂತೆ ಕರಿಯ ಮೈ ಕೊಡವಿದ. ನೊರೆ ಸಮಪಾಲಾಗಿ ಹಂಚಿಹೋಯಿತು. ಔಷಧಿ ಶಾಂಪೂ ನನ್ನ ತಲೆಯ ಮೇಲೆ ಮಾತ್ರ ಪೂರ್ತಿ ಅವಧಿ ಇತ್ತು.

ಈಗ ಸ್ನಾನ ಅಪರೂಪ, ಬ್ರಷ್ ದಿನವೂ. ಬಾಚಿದಾಗ ಸತ್ತ ಚರ್ಮ ಉದುರಿ, ಮೈಯ ಎಣ್ಣೆ ಕೂದಲಿಗೆಲ್ಲ ಹರಡುತ್ತದೆ. ಒಮೆಗಾ-3 ಸಿಗಲೆಂದು ಮೀನೆಣ್ಣೆಯ ಗುಳಿಗೆಯೂ ಇದೆ. ಊಟದಲ್ಲಿ ಎಷ್ಟೇ ಆಳಕ್ಕೆ ಹೂತಿಟ್ಟರೂ ಸುತ್ತಲಿನದನ್ನೆಲ್ಲ ತಿಂದು, ಗುಳಿಗೆಯನ್ನು ಚೊಕ್ಕವಾಗಿ ತಟ್ಟೆಯಂಚಿಗೆ ಇಟ್ಟಿರುತ್ತಾನೆ. ಹಾಗಾಗಿ ಒಡೆದು, ಎಣ್ಣೆಯನ್ನೇ ಊಟಕ್ಕೆ ಕಲಸುತ್ತೇವೆ. ಹೊಟ್ಟು ಬಹುಪಾಲು ಇಳಿದಿದೆ. ಬೆಳಗಿನ ಅಪ್ಪುಗೆಯ ಜೊತೆಗೆ ಕೆನ್ನೆ ನೆಕ್ಕುವುದನ್ನೂ ಕಲಿತಿರುವುದರಿಂದ, ಅದೇ ಸಹೋದ್ಯೋಗಿ ಈಗ ನನ್ನ ಪಕ್ಕದ ಕುರ್ಚಿ ಬಿಟ್ಟು ಕಿಟಕಿಯ ಹತ್ತಿರ ಕೂರುತ್ತಾರೆ.