ಟಿಕೆಟ್ ದರವೊಂದೇ ಅಳತೆಗೋಲಲ್ಲ

ಕೆನಡಾದ ಏರ್ ಇನುಯಿಟ್ ಎಂಬ ವಿಮಾನ ಕಂಪನಿಯ ಕುರಿತು ನಾನು ಓದಿದ ಲೇಖನವೊಂದು, ಅದಕ್ಕೆ ಅಲ್ಲಿನ ಮೂಲನಿವಾಸಿ ಇನುಯಿಟ್ ಸಮುದಾಯದ ಒಡೆತನವಿದ್ದರೂ ಟಿಕೆಟ್ ದುಬಾರಿಯೇ ಆಗಿರುವುದರಿಂದ ಆ ಒಡೆತನ ನಾಮಮಾತ್ರದ್ದು ಎಂಬ ತೀರ್ಮಾನಕ್ಕೆ ಬಂದಿದೆ. ಇದನ್ನು ನಾನು ಒಪ್ಪಲಾರೆ.

ಈ ಕಂಪನಿ ಸೇವೆ ನೀಡುವ, ಕ್ಯೂಬೆಕ್ ಪ್ರಾಂತ್ಯದ ಉತ್ತರ ಭಾಗವಾದ ನುನಾವಿಕ್‌ನ 14 ಹಳ್ಳಿಗಳಿಗೆ ದಕ್ಷಿಣದಿಂದ ರಸ್ತೆಯಿಲ್ಲ. ಒಂದು ಹಳ್ಳಿಯಿಂದ ಇನ್ನೊಂದಕ್ಕೂ ಇಲ್ಲ. ಸರಕಿನ ಹಡಗು ಬರುವುದು ಸಮುದ್ರದ ಮಂಜುಗಡ್ಡೆ ಕರಗಿರುವ ಕೆಲವೇ ತಿಂಗಳುಗಳಲ್ಲಿ. ಉಳಿದ ಕಾಲದಲ್ಲಿ ಹಾಲು, ತರಕಾರಿ, ಅಂಚೆ, ದೊಡ್ಡ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲಕ್ಕೂ ವಿಮಾನವೇ ಗತಿ. ಮುಂದೆ ಸರಕು, ಹಿಂದೆ ಪ್ರಯಾಣಿಕರು, ನಡುವೆ ಜರುಗಿಸಬಹುದಾದ ಗೋಡೆ ಇರುವಂತಹ ವಿಮಾನಗಳು ಅಲ್ಲಿ ಬಳಕೆಗೆ ಬಂದದ್ದು ಈ ಕಾರಣಕ್ಕೆ. ಜನ ವಿರಳ, ದೂರ ಅಪಾರ, ಹವಾಮಾನ ಕ್ರೂರ. ಇಂತಹ ಕಡೆ ಯಾರೇ ಒಡೆಯರಾದರೂ ಪ್ರತಿ ಆಸನದ ವೆಚ್ಚ ಹೆಚ್ಚೇ ಆಗುತ್ತದೆ.

ಲೇಖನ ಇತಿಹಾಸವನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ಹೆಚ್ಚು ಬೇಸರ ತಂದಿತು. ಬೃಹತ್ ಜಲವಿದ್ಯುತ್ ಯೋಜನೆಯೊಂದು ತಮ್ಮ ನೆಲಕ್ಕೆ ಕಾಲಿಟ್ಟಾಗ ಮೂಲನಿವಾಸಿಗಳಾದ ಕ್ರೀ ಮತ್ತು ಇನುಯಿಟ್ ಜನರು ನ್ಯಾಯಾಲಯದ ಮೆಟ್ಟಿಲೇರಿ, 1975ರಲ್ಲಿ ಭೂಹಕ್ಕು ಮತ್ತು ಪರಿಹಾರ ಕುರಿತ ಜೇಮ್ಸ್ ಬೇ ಒಪ್ಪಂದವನ್ನು ಪಡೆದರು. ಇನುಯಿಟರ ಪಾಲಿಗೆ ಬಂದ ಪರಿಹಾರದ ಹಣವನ್ನು ನೋಡಿಕೊಳ್ಳಲು ಹುಟ್ಟಿದ ಮಕಿವಿಕ್ ಸಂಸ್ಥೆಯೇ ಈ ವಿಮಾನ ಕಂಪನಿಯ ಒಡೆಯ; ಕಂಪನಿ ಆರಂಭವಾದದ್ದು 1978ರಲ್ಲಿ. ಪರಿಹಾರವನ್ನು ಹಂಚಿಕೊಂಡು ತಿಂದು ಮುಗಿಸದೆ (ಹಾಗೆ ಮಾಡಿದ್ದರೂ ತಪ್ಪೆನ್ನಲು ನಾವು ಯಾರು?) ರಸ್ತೆಯಿಲ್ಲದ ಊರುಗಳಿಗೆ ರಸ್ತೆಯಂತಿರುವ ಸೇವೆಯೊಂದನ್ನು ಕಟ್ಟಿಕೊಂಡದ್ದನ್ನು ನಾಮಮಾತ್ರವೆಂದು ಕರೆಯುವುದು ಹೇಗೆ? ಲಾಭ ಕುಸಿದರೆ ಹೊರಗಿನ ಕಂಪನಿಯೊಂದು ಹಳ್ಳಿಯ ಸೇವೆಯನ್ನು ಕೈಬಿಟ್ಟು ಹೋಗಬಹುದು. ಇಲ್ಲಿ ಆ ನಿರ್ಧಾರ ಕೈಗೊಳ್ಳಬೇಕಾದವರು ಅದೇ ಹಳ್ಳಿಗಳ ಜನರಿಗೆ ಉತ್ತರ ಹೇಳಬೇಕಾದವರು.